ವಧೂವರರಿಬ್ಬರಿಗೂ ಒಂದೇ ತಂದೆ

2018ರ ಜೂನ್ 4, ಸೋಮವಾರ, ಬೆಳಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಸ್ಥಳ, ಬೆಂಗಳೂರು ಗ್ರಾಮಾಂತರ ಜಿಲ್ಲೆಯ ಒಂದು ಉಪನೋಂದಣಿ ಕಚೇರಿ. ಹಾಜರಿದ್ದವರು ಉಪನೋಂದಣಾಧಿಕಾರಿಯಾಗಿದ್ದ ನಾನು, ಜವಾನ ಗಂಗಣ್ಣ, ಮದುವೆಯ ನೋಟಿಸು ಕೊಡಲು ಬಂದಿದ್ದ ಮಂಗಳಮ್ಮ ಮತ್ತು ಸೋಮಶೇಖರ್. ಇವರಲ್ಲದೆ, ಜಮೀನಿನ ಋಣಭಾರ ಪತ್ರಕ್ಕಾಗಿ ಸಾಲಿನಲ್ಲಿ ನಿಂತಿದ್ದ ಸುಮಾರು ಇಪ್ಪತ್ತು ಜನ. ಆ ಇಪ್ಪತ್ತು ಜನರನ್ನು ನಾನು ಗಣನೆಗೆ ತೆಗೆದುಕೊಳ್ಳಲಿಲ್ಲ. ಆ ದಿನದ ತಪ್ಪು ಅದೇ.

ಕಚೇರಿ ಯಾವ ತಾಲ್ಲೂಕಿನದು ಎಂದು ಬರೆಯುವುದಿಲ್ಲ. ಹೆಸರುಗಳನ್ನೂ ಬದಲಿಸಿದ್ದೇನೆ. ಉಳಿದದ್ದೆಲ್ಲ ನಡೆದ ಹಾಗೆಯೇ ಇದೆ.

ಉಪನೋಂದಣಾಧಿಕಾರಿ ಎಂದರೆ ಕ್ರಯಪತ್ರ, ವಿಭಾಗಪತ್ರ, ಉಯಿಲು ಇಷ್ಟೇ ಎಂದು ಜನ ತಿಳಿದಿರುತ್ತಾರೆ. ನಾವು ವಿವಾಹಾಧಿಕಾರಿಗಳೂ ಹೌದು. ಬೇರೆ ಕಡೆ ಆದ ಮದುವೆಯನ್ನು ನಮ್ಮಲ್ಲಿ ದಾಖಲಿಸಬಹುದು. ಇಲ್ಲವೆ, ವಿಶೇಷ ವಿವಾಹ ಕಾಯ್ದೆಯ ಪ್ರಕಾರ ನಮ್ಮ ಎದುರಿನಲ್ಲೇ ಮದುವೆಯಾಗಬಹುದು. ಎರಡನೆಯದಕ್ಕೆ ಮೊದಲು ನೋಟಿಸು ಕೊಡಬೇಕು. ಅದು ಮೂವತ್ತು ದಿನ ಕಚೇರಿಯ ಫಲಕದ ಮೇಲೆ ಇರುತ್ತದೆ. ಯಾರ ಆಕ್ಷೇಪಣೆಯೂ ಬಾರದಿದ್ದರೆ ಮೂವರು ಸಾಕ್ಷಿಗಳ ಮುಂದೆ ಮದುವೆ. ಇಬ್ಬರೂ ಮದುವೆಯಾಗಬಾರದಷ್ಟು ಹತ್ತಿರದ ರಕ್ತಸಂಬಂಧಿಗಳಲ್ಲ ಎಂಬುದು ಅಧಿಕಾರಿಗೆ ಮನದಟ್ಟಾಗಬೇಕು.

ನಾನು ಓದಿ ಬೆಳೆದದ್ದು ಹಾಸ್ಟೆಲಿನಲ್ಲಿ. ಬೆಳಗ್ಗೆ ಐದಕ್ಕೆ ಗಂಟೆ, ಐದೂವರೆಗೆ ಸ್ನಾನ, ಆರಕ್ಕೆ ಹಾಜರಿ. ಆ ಅಭ್ಯಾಸವೇ ಕಚೇರಿಗೂ ಬಂತು. ಯಾವ ಅರ್ಜಿಯನ್ನೇ ಆಗಲಿ ಮೇಲಿನಿಂದ ಕೆಳಗೆ, ಒಂದು ಅಂಕಣವನ್ನೂ ಬಿಡದೆ ಓದುತ್ತಿದ್ದೆ. ಸಂದೇಹ ಬಂದರೆ ನಿಂತಲ್ಲೇ, ಆಗಲೇ ಕೇಳುತ್ತಿದ್ದೆ. ಕೆಲಸ ಬೇಗ ಮುಗಿಯುತ್ತಿತ್ತು.

ಮಂಗಳಮ್ಮ, ಶಾಲಾ ವರ್ಗಾವಣೆ ಪತ್ರದ ಪ್ರಕಾರ ಹುಟ್ಟಿದ ದಿನ 1968ರ ಜೂನ್ 1, ತಂದೆ ಹನುಮಂತಯ್ಯ. ಉದ್ಯೋಗ, ಮಕ್ಕಳನ್ನು ನೋಡಿಕೊಳ್ಳುವುದು. ಸೋಮಶೇಖರ್, ಅದೇ ಶಾಲೆಯ ವರ್ಗಾವಣೆ ಪತ್ರ, ಹುಟ್ಟಿದ ದಿನ 1968ರ ಜೂನ್ 1, ತಂದೆ ಹನುಮಂತಯ್ಯ. ಉದ್ಯೋಗ, ಗೋದಾಮಿನ ವೇಬ್ರಿಡ್ಜಿನಲ್ಲಿ ಲಾರಿ ತೂಕ ಹಾಕುವುದು.

ನಾನು ತಲೆ ಎತ್ತಿ, ಅಭ್ಯಾಸದ ಗಟ್ಟಿ ದನಿಯಲ್ಲಿ ಕೇಳಿದೆ: "ಇಬ್ಬರ ತಂದೆಯ ಹೆಸರೂ ಒಂದೇ ಇದೆ. ನೀವಿಬ್ಬರೂ ಅಣ್ಣ ತಂಗಿಯಾ?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಗಂಗಣ್ಣ ನನ್ನ ಭುಜದ ಮೇಲಿಂದ ಇಣುಕಿ ನೋಡಿದ. "ಹುಟ್ಟಿದ್ ದಿನಾನೂ ಒಂದೇ ಐತಲ್ಲ ಮೇಡಂ. ಅವಳಿಜವಳಿ ಇರ್ಬೇಕು" ಎಂದ.

ಸೋಮಶೇಖರ್ ನಕ್ಕುಬಿಟ್ಟರು. "ಅಣ್ಣ ತಂಗಿ ಏನೂ ಅಲ್ಲ ಮೇಡಂ. ಹನುಮಂತಯ್ಯ ಅಂದ್ರೆ ನಮ್ಮ ಅನಾಥಾಲಯದ ಮೇಷ್ಟ್ರು. ಅಪ್ಪನ ಹೆಸ್ರು ಇಲ್ದೆ ಸ್ಕೂಲಿಗೆ ಸೇರಿಸ್ಕೊಳ್ತಿರ್ಲಿಲ್ಲ, ಅದಕ್ಕೇ ಎಲ್ರಿಗೂ ಅವರ ಹೆಸ್ರೇ ಬರೆಸೋರು. ಜೂನ್ ಒಂದೂ ಅವರೇ ಕೊಟ್ಟಿದ್ದು."

"ಹಂಗಾದ್ರೆ ನಿನ್ ನಿಜವಾದ ಅಪ್ಪ ಯಾರಪ್ಪಾ?" ಸಾಲಿನಿಂದ ಒಂದು ದನಿ ಕೇಳಿತು.

"ಗೊತ್ತಿದ್ದಿದ್ರೆ ಇಲ್ಲಿ ಯಾಕ್ ನಿಲ್ತಿದ್ದೆ ಗುರು? ಅವನ ಜಮೀನಿನ ಕಾಗದಕ್ಕೆ ನಿನ್ ಹಿಂದೇನೇ ನಿಲ್ತಿದ್ದೆ."

ಇಡೀ ಸಾಲು ನಕ್ಕಿತು. ಗಂಗಣ್ಣನೂ ನಕ್ಕ. ಮಂಗಳಮ್ಮ ಮಾತ್ರ ನಗಲಿಲ್ಲ. ಮೇಜಿನ ಮೇಲೆ ಜೊತೆಯಾಗಿದ್ದ ಎರಡು ವರ್ಗಾವಣೆ ಪತ್ರಗಳನ್ನು ನೋಡಿದರು. ಆಮೇಲೆ, ಹೊಸಬರೊಬ್ಬರನ್ನು ನೋಡುವ ಹಾಗೆ, ಸೋಮಶೇಖರರ ಮುಖವನ್ನು ಬಹಳ ಹೊತ್ತು ನೋಡಿದರು.

"ಅಣ್ಣ ತಂಗಿ ಹೌದೋ ಅಲ್ವೋ ಅಂತ ನೀವು ಹೆಂಗೆ ಕಂಡುಹಿಡೀತೀರಾ ಮೇಡಂ?" ಎಂದು ಮೆಲ್ಲಗೆ ಕೇಳಿದರು.

"ಶಾಲೆಗೆ ಬರೆದು ವಿಚಾರಿಸುತ್ತೇನೆ" ಎಂದೆ. ನೋಟಿಸನ್ನು ಪುಸ್ತಕದಲ್ಲಿ ದಾಖಲಿಸಿ, ಪ್ರತಿಯನ್ನು ಫಲಕಕ್ಕೆ ಹಾಕಿಸಿ, ಮುಂದಿನವರನ್ನು ಕರೆದೆ. ಎಲ್ಲ ಸೇರಿ ಒಂಬತ್ತು ನಿಮಿಷದ ಕೆಲಸ.

ಹನ್ನೆರಡು ದಿನದಲ್ಲಿ ಶಾಲೆಯ ಉತ್ತರ ಬಂತು. ಮುಖ್ಯೋಪಾಧ್ಯಾಯರು ದಾಖಲಾತಿ ಪುಸ್ತಕದ ನಕಲನ್ನೇ ಲಗತ್ತಿಸಿದ್ದರು. 1974ರ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರಿದವರ ಪೈಕಿ ಹನ್ನೊಂದು ಮಕ್ಕಳ ತಂದೆ ಹನುಮಂತಯ್ಯ. ಹನ್ನೊಂದು ಮಕ್ಕಳೂ ಹುಟ್ಟಿದ್ದು ಒಂದೇ ದಿನ. ನಾನು ನಕ್ಕೆ. ಒಬ್ಬ ತಂದೆಗೆ ಒಂದೇ ದಿನ ಹನ್ನೊಂದು ಮಕ್ಕಳು ಹುಟ್ಟಲಾರವು. ಹಾಗಾಗಿ ಇದು ಪೋಷಕರ ಹೆಸರೇ ಹೊರತು ತಂದೆಯ ಹೆಸರಲ್ಲ ಎಂದು ಟಿಪ್ಪಣಿ ಬರೆದು ಸಹಿ ಹಾಕಿದೆ. ನನ್ನ ಮಟ್ಟಿಗೆ ಸಂದೇಹ ತೀರಿತ್ತು.

ಜುಲೈ 4ಕ್ಕೆ ಮೂವತ್ತು ದಿನ ಕಳೆದವು. ಆಕ್ಷೇಪಣೆ ಬರಲಿಲ್ಲ. ಮದುವೆಯಾಗಬೇಕಾದವರೂ ಬರಲಿಲ್ಲ.

ಜುಲೈ 6, ಶುಕ್ರವಾರ ಮಧ್ಯಾಹ್ನ ನಾಲ್ಕೂವರೆಗೆ ಸೋಮಶೇಖರ್ ಒಬ್ಬರೇ ಬಂದರು. ಸಾಲು ಕರಗಿತ್ತು. ಬಾಗಿಲಲ್ಲೇ ನಿಂತು ಕೇಳಿದರು: "ಮೇಡಂ, ಆ ನೋಟಿಸು ಎಷ್ಟು ದಿನದವರೆಗೆ ನಡೀತದೆ?"

"ಕೊಟ್ಟ ದಿನದಿಂದ ಮೂರು ತಿಂಗಳು. ಯಾಕೆ?"

"ಅವಳು ನನ್ನ ಫೋನೇ ಎತ್ತಲ್ಲ. ಮನೆ ಹತ್ರ ಹೋದ್ರೆ ಮಕ್ಕಳನ್ನ ಮುಂದೆ ಬಿಟ್ಕೊಂಡು ಬಾಗಿಲಲ್ಲೇ ನಿಲ್ತಾಳೆ. ಒಳಗೆ ಬಾ ಅನ್ನಲ್ಲ."

ಅವರನ್ನು ಕೂರಿಸಿದೆ. ಒಂದು ತಿಂಗಳ ಹಿಂದೆ, ಜನ ನಗುತ್ತಿದ್ದಾಗ, ಇಬ್ಬರನ್ನೂ ನಿಲ್ಲಿಸಿಯೇ ಮಾತಾಡಿಸಿದ್ದು ಆಗ ನೆನಪಾಯಿತು.

ಅವರು ಹೇಳಿದ್ದನ್ನು ಕ್ರಮವಾಗಿ ಬರೆಯುತ್ತೇನೆ. ತ್ಯಾಮಗೊಂಡ್ಲು ಕಡೆ ಹನುಮಂತಯ್ಯ ಮೇಷ್ಟ್ರು ನಡೆಸುತ್ತಿದ್ದ ಚಿಕ್ಕ ಅನಾಥಾಲಯದಲ್ಲಿ ಇಬ್ಬರೂ ಬೆಳೆದರು. ಅಲ್ಲಿ ಹೊಟ್ಟೆಗೆ ಕೊರತೆ ಇರಲಿಲ್ಲ, ಬೆತ್ತಕ್ಕೂ ಕೊರತೆ ಇರಲಿಲ್ಲ. ಹಾಸಿಗೆ ಒದ್ದೆ ಮಾಡಿದ ಮಗು ಆ ಹಾಸಿಗೆಯನ್ನು ತಲೆಯ ಮೇಲೆ ಹೊತ್ತು, ಒಣಗುವವರೆಗೆ ಬಿಸಿಲಲ್ಲಿ ನಿಲ್ಲಬೇಕಿತ್ತು. ಪ್ರತಿ ಮಗುವಿಗೂ ಒಂದು ನಂಬರು, ಅದೇ ನಂಬರು ಕೊರೆದ ತಟ್ಟೆ. ಉಂಡ ಮೇಲೆ ತಟ್ಟೆ ತೊಳೆದು, ನಂಬರು ಮುಂದಕ್ಕೆ ಕಾಣುವಂತೆ ಗೋಡೆಗೆ ಒರಗಿಸಿ ನಿಲ್ಲಿಸಬೇಕು. ಹನ್ನೆರಡು ತುಂಬಿದ ಗಂಡುಮಕ್ಕಳನ್ನು ಬೇರೆ ಊರಿನ ಹಾಸ್ಟೆಲಿಗೆ ಕಳಿಸುತ್ತಿದ್ದರು. ಹಾಗೆ ಬೇರೆಯಾದವರು ಮೂವತ್ತನಾಲ್ಕು ವರ್ಷ ಒಬ್ಬರನ್ನೊಬ್ಬರು ನೋಡಿರಲಿಲ್ಲ. ಇಬ್ಬರಿಗೂ ಮದುವೆಯ ಮಾತು ಬಂದು, ಮನೆತನ ಕೇಳಿದ ಕೂಡಲೇ ಮುರಿದು, ಆಮೇಲೆ ಆ ವಿಷಯವೇ ಬೇಡವೆಂದು ಇದ್ದುಬಿಟ್ಟಿದ್ದರು.

ನಾಲ್ಕು ವರ್ಷದ ಹಿಂದೆ ಗೋದಾಮಿನವರು, ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ಮಂಗಳಮ್ಮ ನಡೆಸುತ್ತಿದ್ದ ಮಕ್ಕಳ ಮನೆಗೆ ಹಳೆಯ ಕಿಟಕಿ ಗ್ರಿಲ್ ಕೊಟ್ಟಾಗ, ಅದನ್ನು ಕೂರಿಸಲು ಬಂದವರು ಸೋಮಶೇಖರ್. ಊಟದ ಹೊತ್ತಾಗಿತ್ತು, ಮಂಗಳಮ್ಮ ಅನ್ನ ಸಾರು ಬಡಿಸಿದರು. ಉಂಡವರು ತಟ್ಟೆ ತೊಳೆದು, ತಮಗೇ ಗೊತ್ತಿಲ್ಲದೆ, ಗೋಡೆಗೆ ಒರಗಿಸಿ ನಿಲ್ಲಿಸಿದರು.

"ಅಡುಗೆಮನೆ ಬಾಗಿಲಿಂದ ನೋಡ್ತಾ ನಿಂತಿದ್ದಳು ಮೇಡಂ. 'ನಿಮ್ಮ ನಂಬರು ಎಷ್ಟು?' ಅಂದ್ಳು. ಫೋನ್ ನಂಬರು ಕೇಳ್ತಾವ್ಳೆ ಅಂದ್ಕೊಂಡು ಗಾಬರಿ ಆಯ್ತು. ಆಮೇಲೆ ತಟ್ಟೆ ಕಡೆ ಕೈ ತೋರಿಸಿದ್ಳು. 'ಹದಿನೇಳು' ಅಂದೆ. 'ನಂದು ಒಂಬತ್ತು' ಅಂದ್ಳು. ಅಷ್ಟೇ ಮೇಡಂ ನಮ್ಮ ಲವ್ ಸ್ಟೋರಿ."

ನಗಲು ಹೋದವರು ಅರ್ಧಕ್ಕೇ ನಿಲ್ಲಿಸಿದರು. "ಅವಳಿಗೆ ಒಬ್ಬ ತಮ್ಮ ಇದ್ದ. ಇಬ್ಬರೂ ಒಟ್ಟಿಗೇ ಸೇರಿದ್ದು. ಸೇರಿದ ತಿಂಗಳೊಳಗೇ ಅವನನ್ನ ಯಾರೋ ಒಳ್ಳೇ ಮನೆಯವರು ಸಾಕೋಕೆ ಕರ್ಕೊಂಡು ಹೋದ್ರು ಅಂತ ಮೇಷ್ಟ್ರು ಹೇಳಿದ್ರಂತೆ. ನಾನು ಸೇರಿದ್ದು ಒಂದೂವರೆ ವರ್ಷ ಆದ್ಮೇಲೆ. ಅದಕ್ಕೆ ಮುಂಚೆ ನಾನೂ ಒಂದು ಮನೇಲಿದ್ದೆ ಮೇಡಂ. ಸಾಕ್ತಿದ್ರು. ಅವರಿಗೇ ಮಗು ಆಯ್ತು, ನನ್ನ ತಂದು ಬಿಟ್ರು. ಆ ಮನೆಗೆ ನಾನು ಎಲ್ಲಿಂದ ಬಂದೆ ಅನ್ನೋದು ನನಗೂ ಗೊತ್ತಿಲ್ಲ. ನೀವು ಕೇಳಿದ ದಿನದಿಂದ ಅವಳ ತಲೇಲಿ ಅದೇ ಓಡ್ತಾ ಐತೆ."

ಶಾಲೆಯ ಪತ್ರ ಕಡತದಲ್ಲಿತ್ತು, ನನ್ನ ಟಿಪ್ಪಣಿ ಅದರ ಕೆಳಗಿತ್ತು, ಕಾಯ್ದೆಯ ಪ್ರಕಾರ ಎಲ್ಲ ಸರಿಯಾಗಿತ್ತು. ಆದರೂ ನಾನು ಒಂದು ಸುಳ್ಳನ್ನಷ್ಟೇ ಬಿಡಿಸಿದ್ದೆ. ಅದರ ಹಿಂದೆ ಏನಿತ್ತೆಂದು ನನಗೂ ತಿಳಿದಿರಲಿಲ್ಲ.

ಮಂಗಳಮ್ಮನನ್ನು ನೋಡಲು ಹೋಗುವುದು ನನ್ನ ಕರ್ತವ್ಯವೋ, ಅಧಿಕಪ್ರಸಂಗವೋ ಎಂದು ಎರಡು ದಿನ ತೀರ್ಮಾನಿಸಲಾಗಲಿಲ್ಲ. ಸೋಮವಾರ ಸಂಜೆ ಕಚೇರಿ ಮುಗಿಸಿ ಹೋದೆ. ಹೆದ್ದಾರಿಯಿಂದ ಒಳಗೆ, ಗೋದಾಮುಗಳ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಮನೆ. ಗಾರ್ಮೆಂಟ್ಸಿಗೂ ಗೋದಾಮಿಗೂ ಕೆಲಸಕ್ಕೆ ಹೋಗುವ ಹೆಂಗಸರ ಹದಿನಾಲ್ಕು ಮಕ್ಕಳು. ಇಪ್ಪತ್ತು ವರ್ಷ ಟೈಲರ್ ಆಗಿ ದುಡಿದ ಮಂಗಳಮ್ಮ, ಪಕ್ಕದ ಮೆಷಿನ್ನಿನವಳ ಮಗುವನ್ನು ನೋಡಿಕೊಳ್ಳುತ್ತಾ ಶುರುಮಾಡಿದ್ದಂತೆ ಇದು.

ನಾನು ಹೋದಾಗ ಬಾಗಿಲಲ್ಲಿ ಜಗಳ ನಡೆದಿತ್ತು. ಒಬ್ಬ ಗಂಡಸು ಮಗುವನ್ನು ಕರೆದೊಯ್ಯಲು ಬಂದಿದ್ದ.

"ಇವಳವ್ವ ಓ.ಟಿ. ಮಾಡ್ತಾವ್ಳೆ ಕಣಕ್ಕ. ನಾನು ಅವಳ ಸ್ವಂತ ಅಣ್ಣ."

"ಅಣ್ಣನಾದ್ರೂ ಸೈ, ಆಕಾಶದಿಂದ ಇಳಿದು ಬಂದ್ರೂ ಸೈ. ಬೆಳಗ್ಗೆ ಯಾರು ಹೆಬ್ಬೆಟ್ಟು ಒತ್ತಿ ಬಿಟ್ಟು ಹೋಗವ್ರೋ ಅವರೇ ಬರ್ಬೇಕು. ಅಲ್ಲೀತಂಕ ಮಗು ನಂದು."

"ಪೊಲೀಸ್ ಸ್ಟೇಷನ್ ವಾಸಿ ಇದಕ್ಕಿಂತ" ಎಂದು ಗೊಣಗುತ್ತಾ ಅವನು ಹೋದ. ಗೋಡೆಗೆ ಒರಗಿಸಿದ್ದ ತಟ್ಟೆಗಳ ಮೇಲೆ ನಂಬರು ಇರಲಿಲ್ಲ, ಪ್ರತಿ ಮಗುವಿನ ಹೆಸರಿತ್ತು.

ನನ್ನನ್ನು ನೋಡಿ ಮಂಗಳಮ್ಮ ಆಶ್ಚರ್ಯಪಡಲಿಲ್ಲ. ಚಾಪೆ ಹಾಸಿದರು. ಶಾಲೆಯ ಉತ್ತರದ ವಿಷಯ ಹೇಳಿದೆ. ಹನ್ನೊಂದು ಮಕ್ಕಳ ಮಾತಿಗೆ ಸ್ವಲ್ಪ ನಕ್ಕರು. ಆಮೇಲೆ ಕೇಳಿದರು:

"ಆ ಕಾಗದ ಮೇಷ್ಟ್ರು ನಮ್ಮಪ್ಪ ಅಲ್ಲ ಅಂತ ಹೇಳ್ತದೆ. ಸೋಮ ನನ್ನ ತಮ್ಮ ಅಲ್ಲ ಅಂತ ಹೇಳ್ತದಾ ಮೇಡಂ?"

"ಇಲ್ಲ" ಎಂದೆ.

"ಅವ್ವ ನಮ್ಮನ್ನ ಬಸ್ ಸ್ಟ್ಯಾಂಡಲ್ಲಿ ಕೂರಿಸಿ, ತಮ್ಮನ ಕೈ ಬಿಡ್ಬೇಡ ಅಂತ ಹೇಳಿ ಹೋದ್ಳು. ಬಿಟ್ಟೆ ನಾನು. ಒಂದಿನ ಎದ್ದು ನೋಡಿದ್ರೆ ಪಕ್ಕದಲ್ಲಿ ಇರ್ಲಿಲ್ಲ. ಅವನ ತಟ್ಟೆ, ಹತ್ತನೇ ನಂಬರಿಂದು, ಗೋಡೆ ಹತ್ರಾನೇ ನಿಂತಿರ್ತಿತ್ತು. ಮೇಷ್ಟ್ರು ಯಾವ ಮಗೂಗೂ ಅದನ್ನ ಕೊಡ್ಲಿಲ್ಲ. ಅವನು ವಾಪಸ್ ಬರ್ತಾನೆ, ಅದಕ್ಕೇ ಇಟ್ಟವ್ರೆ ಅಂದ್ಕೊಂಡಿದ್ದೆ." ಸೆರಗಿನಿಂದ ಮುಖ ಒರೆಸಿಕೊಂಡರು. "ನಲವತ್ತಾರು ವರ್ಷ ಅವನು ಸಿಗ್ಲಿ ಸಿಗ್ಲಿ ಅಂತ ಬೇಡ್ಕೊಂಡೆ ಮೇಡಂ. ಈಗ ಸಿಗದೇ ಇರ್ಲಿ ಅಂತ ಬೇಡ್ಕೋಬೇಕಾ? ನನಗೆ ಏನು ಬೇಡ್ಕೋಬೇಕೋ ಗೊತ್ತಾಗ್ತಾ ಇಲ್ಲ."

ಕ್ರಮ ತಿಳಿದವಳಾಗಿ ಒಂದೇ ಪ್ರಶ್ನೆ ಕೇಳಿದೆ. ಅನಾಥಾಲಯದ ಸೇರ್ಪಡೆ ಪುಸ್ತಕ ಈಗ ಎಲ್ಲಿದೆ? ಅನಾಥಾಲಯ ಮುಚ್ಚಿ ಇಪ್ಪತ್ತು ವರ್ಷವಾಗಿತ್ತು, ಮೇಷ್ಟ್ರು ತೀರಿಕೊಂಡಿದ್ದರು. ಆದರೆ ಮೇಷ್ಟ್ರ ಹೆಂಡತಿ ಇನ್ನೂ ಅದೇ ಮನೆಯಲ್ಲಿದ್ದಾರಂತೆ, ಮಕ್ಕಳೆಲ್ಲ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದರು ಎಂದರು ಮಂಗಳಮ್ಮ. ಅನಾಥಾಲಯ ಬಿಟ್ಟ ಮೇಲೆ ಅವರು ಒಮ್ಮೆಯೂ ಆ ಕಡೆ ತಿರುಗಿ ನೋಡಿರಲಿಲ್ಲ.

ಜುಲೈ 14 ಎರಡನೇ ಶನಿವಾರ, ಕಚೇರಿಗೆ ರಜೆ. ಬೆಳಗ್ಗೆ ಒಂಬತ್ತರ ಬಸ್ಸಿಗೆ ಮೂವರೂ ತ್ಯಾಮಗೊಂಡ್ಲಿಗೆ ಹೊರಟೆವು. ಮಂಗಳಮ್ಮ ನನ್ನ ಪಕ್ಕ ಕೂತರು. ಸೋಮಶೇಖರ್ ಹಿಂದಿನ ಬಾಗಿಲ ಹತ್ತಿರ ನಿಂತೇ ಬಂದರು. ಸೀಟು ಖಾಲಿ ಇತ್ತು.

ದೊಡ್ಡಮ್ಮನಿಗೆ ಎಂಬತ್ತೈದರ ಮೇಲಾಗಿತ್ತು. ಹಜಾರದಲ್ಲಿ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದರು. ಕಣ್ಣು ಮಂಜು, ಕಿವಿ ಚುರುಕು.

"ಸೋಮ ಅಂದ್ರೆ ಯಾವ ಸೋಮ? ಬೆಲ್ಲ ಕದೀತಿದ್ದೋನೋ, ಹಾಸಿಗೆ ಒದ್ದೆ ಮಾಡ್ತಿದ್ದೋನೋ?"

"ಎರಡೂ ನಾನೇ ದೊಡ್ಡಮ್ಮ."

"ಥೂ ಕಳ್ಳ ನನ್ಮಗನೇ, ಬಾ ಇಲ್ಲಿ" ಎಂದು ಕೈ ಚಾಚಿದರು. ಸೋಮಶೇಖರರ ಮುಖ ತಡವಿ, ಆಮೇಲೆ ಮಂಗಳಮ್ಮನ ಮುಖ ತಡವಿದರು. ತಡವುತ್ತಿದ್ದ ಕೈ ಅಲ್ಲೇ ನಿಂತಿತು. "ಒಂಬತ್ತು" ಎಂದರು.

ನಾನು ಬಂದ ಕಾರಣ ಹೇಳಿದೆ. ದೊಡ್ಡಮ್ಮ ಸೊಂಟದ ಬೀಗದ ಕೈ ತೆಗೆದು ಕೊಟ್ಟರು. ಒಳಕೋಣೆಯಲ್ಲಿ ತಗಡಿನ ಟ್ರಂಕು. ಅದರಲ್ಲಿ ರಟ್ಟು ಹಾಕಿದ ಉದ್ದನೆಯ ಪುಸ್ತಕ. ಮೇಷ್ಟ್ರ ಅಕ್ಷರ ಅಚ್ಚು ಹಾಕಿದಂತಿತ್ತು. ನಾನೇ ಓದಿದೆ. ಆ ಕೆಲಸ ನನಗೆ ಬರುತ್ತಿತ್ತು.

"ನಂಬರು ಒಂಬತ್ತು. ಹೆಣ್ಣು, ಸುಮಾರು ನಾಲ್ಕು ವರ್ಷ. 1972ರ ಆಗಸ್ಟ್. ಬಸ್ ನಿಲ್ದಾಣದಿಂದ ಕಂಡಕ್ಟರ್ ಕರೆತಂದದ್ದು. ತಂದೆ ತಾಯಿಯ ಹೆಸರು ಗೊತ್ತಿಲ್ಲ."

ಮುಂದಿನ ಸಾಲಿಗೆ ಬೆರಳಿಟ್ಟೆ.

"ನಂಬರು ಹತ್ತು. ಗಂಡು, ಸುಮಾರು ಎರಡೂವರೆ ವರ್ಷ. ಒಂಬತ್ತನೆಯವಳ ತಮ್ಮ. ಹೆಸರು ಹೇಳಲು ಬಾರದು." ಷರಾ ಅಂಕಣದಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲಿತ್ತು. ಅದನ್ನು ಮನಸ್ಸಿನಲ್ಲೇ ಓದಿಕೊಂಡೆ. ಅಂಕಣ ಬಿಡದೆ ಓದುವ ನಾನು ಆ ಅಂಕಣಕ್ಕೆ ಬಂದು ನಿಂತುಬಿಟ್ಟೆ.

"ಓದಿ ಮೇಡಂ" ಎಂದರು ಮಂಗಳಮ್ಮ.

"ದಡಾರ. ಹತ್ತೊಂಬತ್ತನೆಯ ದಿನ ಬೆಳಗಿನ ಜಾವ ನಿಧನ. ಹಿತ್ತಿಲಿನ ಹಲಸಿನ ಮರದ ಪೂರ್ವಕ್ಕೆ ಮಣ್ಣು ಮಾಡಲಾಗಿದೆ."

ದೊಡ್ಡಮ್ಮ ಹುಣಸೆಹಣ್ಣಿನ ಕೈಯನ್ನು ಸೀರೆಗೆ ಒರೆಸಿದರು. "ನಾಲ್ಕು ವರ್ಷದ ಕೂಸಿಗೆ ಸತ್ತೋದ ಅಂತ ಹೆಂಗೆ ಹೇಳೋದು ಕಣಮ್ಮಿ? ಸಾಕೋಕೆ ಕೊಟ್ವಿ ಅಂತ ಹೇಳು, ದೊಡ್ಡೋಳಾದ್ಮೇಲೆ ನಾನೇ ಹೇಳ್ತೀನಿ ಅಂದ್ರು ನಿಮ್ಮ ಮೇಷ್ಟ್ರು. ನೀನು ದೊಡ್ಡೋಳಾದೆ. ಅವರಿಗೆ ಬಾಯಿ ಬರ್ಲಿಲ್ಲ. ಬೆತ್ತ ಹಿಡಿಯೋಕೆ ಬರೋದು, ಅದೊಂದು ಬರ್ಲಿಲ್ಲ."

ಹದಿನೇಳನೆಯ ನಂಬರನ್ನೂ ಓದಿದೆ. ಹೆರಿಗೆ ಆಸ್ಪತ್ರೆಯಿಂದಲೇ ಪಡೆದು ಸಾಕಿದ್ದವರು 1974ರ ಫೆಬ್ರವರಿಯಲ್ಲಿ ತಂದು ಬಿಟ್ಟಿದ್ದರು. ಕಾರಣ, ತಮಗೆ ಸ್ವಂತ ಮಗು ಆಗಿರುವುದು. "ಕಾರಣ ಸರಿಯಾಗೇ ಬರೆದವ್ರೆ" ಎಂದು ಸೋಮಶೇಖರ್ ಹೇಳಿದರು. ಅವರನ್ನು ಯಾರೂ ನೋಡಲಿಲ್ಲ.

ಅಲ್ಲಿಗೆ ಕಾನೂನಿನ ಸಂದೇಹವೂ ಮಂಗಳಮ್ಮನ ಸಂದೇಹವೂ ಒಟ್ಟಿಗೆ ತೀರಿದವು. ಸಂತೋಷದ ಸುದ್ದಿಯೆಂದು ಹೇಳಲು ಬಾಯಿ ಬರಲಿಲ್ಲ. ಸಾವಿನ ಸುದ್ದಿಯೆಂದು ಸಂತೈಸೋಣವೆಂದರೆ, ಅದೇ ಸುದ್ದಿಯಿಂದ ಅವರ ಮದುವೆಗೆ ದಾರಿಯಾಗಿತ್ತು.

ಮಂಗಳಮ್ಮ ಅಳಲಿಲ್ಲ. ಹಲಸಿನ ಮರ ಎಲ್ಲಿ ಎಂದು ಕೇಳಲೂ ಇಲ್ಲ, ನೇರ ಹಿತ್ತಿಲಿಗೆ ಹೋದರು. ಮರವಿತ್ತು. ಪೂರ್ವಕ್ಕೆ ಬರೀ ನೆಲ, ಒಂದಿಷ್ಟು ತರಗೆಲೆ. ಅಲ್ಲಿ ಕುಕ್ಕುರುಗಾಲಲ್ಲಿ ಕೂತು ಎಲೆಗಳನ್ನು ಒಂದೊಂದಾಗಿ ಆರಿಸಿ ಬದಿಗೆ ಹಾಕತೊಡಗಿದರು. ಸ್ವಲ್ಪ ಹೊತ್ತಿನ ಮೇಲೆ ಸೋಮಶೇಖರ್ ಹೋಗಿ, ಎರಡು ಮಾರು ದೂರದಲ್ಲಿ ಕೂತು, ತಾವೂ ಎಲೆ ಆರಿಸತೊಡಗಿದರು. ನೆಲ ಸ್ವಚ್ಛವಾದ ಮೇಲೂ ಕೂತಿದ್ದರು.

"ಮೇಷ್ಟ್ರ ಮೇಲೆ ಸಿಟ್ಟು ಮಾಡ್ಕೊಳ್ಳಾ ಬೇಡ್ವಾ ಗೊತ್ತಾಗ್ತಿಲ್ಲ ಕಣೋ ಸೋಮ" ಎಂದಿದ್ದು ಕೇಳಿಸಿತು.

"ಇವತ್ತೇ ತೀರ್ಮಾನ ಆಗ್ಬೇಕಾ? ನಿಧಾನಕ್ಕೆ ಮಾಡ್ಕೊ. ನಾನೂ ಜೊತೆಗೆ ಮಾಡ್ಕೋತೀನಿ."

ಹೊರಡುವಾಗ ದೊಡ್ಡಮ್ಮ ಅಟ್ಟದಿಂದ ಒಂದು ತಟ್ಟೆ ತೆಗೆಸಿ ಕೊಟ್ಟರು. ಹತ್ತನೇ ನಂಬರಿನದು. ಬರುವಾಗ ಬಸ್ಸಿನಲ್ಲಿ ಜಾಗ ಇರಲಿಲ್ಲ, ಮೂವರೂ ನಿಂತೇ ಬಂದೆವು. ತಟ್ಟೆ ಮಂಗಳಮ್ಮನ ಕಂಕುಳಲ್ಲಿತ್ತು, ಅವರ ಇನ್ನೊಂದು ಕೈ ಸೋಮಶೇಖರರ ತೋಳು ಹಿಡಿದಿತ್ತು.

ಸೋಮವಾರ ಕಡತಕ್ಕೆ ಹೆಚ್ಚುವರಿ ವಿಚಾರಣಾ ಟಿಪ್ಪಣಿ ಬರೆಯಬೇಕಾಯಿತು. ತಮ್ಮನ ಪ್ರಸ್ತಾಪ ಬರುವ ಕಡೆ ಪೆನ್ನು ನಿಂತಿತು. ಹೆಸರಿಲ್ಲದವರ ಬಗ್ಗೆ ಟಿಪ್ಪಣಿ ಬರೆದು ನನಗೆ ಅಭ್ಯಾಸವಿರಲಿಲ್ಲ. ಮಂಗಳಮ್ಮನಿಗೆ ಫೋನ್ ಮಾಡಿ ಕೇಳಿದೆ.

"ಪುಟ್ಟ ಅಂತ ಕರೀತಿದ್ದೆ ಮೇಡಂ. ಹಂಗೇ ಬರೀಬಹುದಾ?"

"ಬರೆಯಬಹುದು" ಎಂದೆ. ಬರೆಯಬಹುದೋ ಇಲ್ಲವೋ ನನಗೆ ತಿಳಿದಿರಲಿಲ್ಲ. ಬರೆದೆ.

ಜುಲೈ 23, ಸೋಮವಾರ ಮದುವೆ. ಹನ್ನೆರಡಕ್ಕೆ ಸಮಯ ಕೊಟ್ಟಿದ್ದೆ. ಸಾಕ್ಷಿಗಳು ದೊಡ್ಡಮ್ಮ, ಮಕ್ಕಳ ಮನೆಯ ಒಬ್ಬ ತಾಯಿ, ಮತ್ತು ಸೋಮಶೇಖರರ ಗೆಳೆಯನಾದ ಒಬ್ಬ ಲಾರಿ ಚಾಲಕ. ತುಮಕೂರು ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡ ಚಾಲಕ ಬಂದದ್ದು ಮೂರೂ ನಲವತ್ತಕ್ಕೆ. ಅಲ್ಲಿಯವರೆಗೆ ಗಂಗಣ್ಣನಿಗೆ ನೆಮ್ಮದಿಯಿಲ್ಲ. "ಅವಳಿಜವಳಿ ಅಂದಿದ್ದು ತಪ್ಪಾಯ್ತು ಕಣಮ್ಮ" ಎಂದು ಮಂಗಳಮ್ಮನ ಮುಂದೆ ಎರಡು ಸಲ ಹೇಳಿ, ಎರಡು ಸಲ ಕಾಫಿ ತಂದುಕೊಟ್ಟ.

ಪ್ರಮಾಣಪತ್ರ ಬರೆಯುವ ಮುನ್ನ, ಬಾಗಿಲು ಮುಚ್ಚಿಸಿ, ಇಬ್ಬರನ್ನೂ ಕೂರಿಸಿ ಕೇಳಿದೆ. ದಾಖಲೆಯ ಪ್ರಕಾರ ತಂದೆಯ ಅಂಕಣದಲ್ಲಿ ಇಬ್ಬರಿಗೂ ಹನುಮಂತಯ್ಯ ಎಂದೇ ಬರುತ್ತದೆ. ಮುಂದೆ ನೋಡಿದವರು ಮತ್ತೆ ನಗಬಹುದು. ಬೇಡವೆಂದರೆ ಮೊದಲು ಶಾಲೆಯ ದಾಖಲೆ ತಿದ್ದಿಸಬೇಕು, ಅದಕ್ಕೆ ತಿಂಗಳುಗಳು ಹಿಡಿಯುತ್ತವೆ.

ಸೋಮಶೇಖರ್ ಮಂಗಳಮ್ಮನ ಮುಖ ನೋಡಿದರು.

"ಇರ್ಲಿ ಮೇಡಂ" ಎಂದರು ಮಂಗಳಮ್ಮ. "ಹೊಡೆದವರೂ ಅವರೇ, ಸುಳ್ಳು ಹೇಳಿದವರೂ ಅವರೇ. ಹೆಸ್ರು ಕೊಟ್ಟವರೂ ಬೇರೆ ಯಾರೂ ಇಲ್ವಲ್ಲ. ನಗೋರು ನಗ್ಲಿ."

ಕಾಯ್ದೆಯಲ್ಲಿರುವ ಮಾತನ್ನು ಇಬ್ಬರೂ ನಾನು ಹೇಳಿಕೊಟ್ಟಂತೆ ಹೇಳಿದರು: ನಿನ್ನನ್ನು ನನ್ನ ಕಾನೂನುಬದ್ಧ ಪತಿಯಾಗಿ, ಪತ್ನಿಯಾಗಿ ಸ್ವೀಕರಿಸುತ್ತೇನೆ. ಸೋಮಶೇಖರರ ದನಿ "ಕಾನೂನುಬದ್ಧ" ಎಂಬಲ್ಲಿ ಕಟ್ಟಿ, ಎರಡನೇ ಸಲಕ್ಕೆ ಸರಿಯಾಯಿತು. "ಬೆಲ್ಲ ಸಿಕ್ಕಾಕ್ಕೊಂತಾ ಗಂಟಲಲ್ಲಿ?" ಎಂದರು ದೊಡ್ಡಮ್ಮ. ಸಹಿಗಳಾದವು. ದೊಡ್ಡಮ್ಮ ಒಂದೊಂದೇ ಅಕ್ಷರ ಕೂಡಿಸಿ ಹೆಸರು ಬರೆಯಲು ಆರು ನಿಮಿಷ ಹಿಡಿಯಿತು.

ನಾಲ್ಕೂವರೆಗೆ ಮಂಗಳಮ್ಮ ಎದ್ದರು. ಐದಕ್ಕೆ ಮಕ್ಕಳ ತಾಯಂದಿರು ಬರಲು ಶುರುಮಾಡುತ್ತಾರೆ, ಹೆಬ್ಬೆಟ್ಟು ಪುಸ್ತಕ ತಾನೇ ಹಿಡಿಯಬೇಕು. ಬಾಗಿಲ ಹತ್ತಿರ ನಿಂತು ಹೇಳಿದರು: "ಹತ್ತನೇ ನಂಬರು ತಟ್ಟೇಲಿ ಹೊಸದಾಗಿ ಸೇರಿದ ಮಗೂಗೆ ಮೊನ್ನೆ ಅನ್ನ ಹಾಕ್ದೆ ಮೇಡಂ. ಬೆಳಗ್ಗೆ ಹಾಕೋವಾಗ ನಂಬರನ್ನೇ ನೋಡ್ತಿದ್ದೆ. ಮಧ್ಯಾಹ್ನಕ್ಕೆ ಮಗೂನ ನೋಡ್ದೆ."

ಈ ಪ್ರಕರಣದಿಂದ ಕಲಿತದ್ದು ಒಂದೇ. ಅಂಕಣ ಬಿಡದೆ ಓದಬೇಕು, ಸಂದೇಹ ಬಂದರೆ ಕೇಳಲೇಬೇಕು, ಇದರಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಕೇಳುವ ಮೊದಲು ಎದುರಿನವರನ್ನು ಕೂರಿಸಬೇಕು, ಬಾಗಿಲು ಮುಚ್ಚಬೇಕು. ನಮಗೆ ಒಂಬತ್ತು ನಿಮಿಷದ ಪ್ರಶ್ನೆಯಾದದ್ದು ಅವರಿಗೆ ನಲವತ್ತಾರು ವರ್ಷದ್ದಾಗಿರಬಹುದು. ನನ್ನ ಮೇಜಿನ ಎದುರಿಗೆ ಎರಡು ಕುರ್ಚಿ ಬಂದವು. 2021ರಲ್ಲಿ ನಿವೃತ್ತಳಾಗುವವರೆಗೂ ಅವು ಅಲ್ಲೇ ಇದ್ದವು.

ಆ ದಿನ ಐದು ಗಂಟೆ ಹತ್ತು ನಿಮಿಷಕ್ಕೆ ಗಂಗಣ್ಣ ಫಲಕದಿಂದ ನೋಟಿಸು ಬಿಚ್ಚಿ ತಂದ. ಕಡತಕ್ಕೆ ಸೇರಿಸಿ, ಪುಟಗಳಿಗೆ ಸಂಖ್ಯೆ ಹಾಕಿ, ದಾರ ಕಟ್ಟಿದೆ. ಇಂಥ ವಿಚಾರಣಾ ಕಾಗದಗಳನ್ನು ಕೆಲವು ವರ್ಷವಾದ ಮೇಲೆ ನಾಶಮಾಡುವುದು ವಾಡಿಕೆ, ಹಾಗೆಂದು ಹೊದಿಕೆಯ ಮೇಲೆ ನಮೂದಿಸಬೇಕು. ಪೆನ್ನು ತೆಗೆದುಕೊಂಡು, ಟಿಪ್ಪಣಿಯ ಪುಟವನ್ನು ಮತ್ತೆ ತಿರುಗಿಸಿದೆ. ಒಂದು ಹೆಣ್ಣುಮಗುವಿಗೆ ಪುಟ್ಟ ಎಂಬ ತಮ್ಮನಿದ್ದ ಎಂದು ಬರೆದಿರುವ ಸರ್ಕಾರಿ ಕಾಗದ ಅದೊಂದೇ. ಸರಿಯೋ ತಪ್ಪೋ ಇಂದಿಗೂ ಖಚಿತವಿಲ್ಲ. ಹೊದಿಕೆಯ ಮೇಲೆ "ಕಾಯಂ" ಎಂದು ಬರೆದು, ಕೆಳಗೆ ಗೆರೆ ಎಳೆದು, ಕಡತವನ್ನು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದೆ.